ಟೀ ಅಂಗಡಿಯಲ್ಲಿ ಹೇಳಿದ್ದು

ಮಾರ್ಚ್ ಕೊನೆಯ ವಾರ, ಮಧ್ಯಾಹ್ನ ಮೂರೂವರೆ. ಬೆಳ್ಳಂದೂರಿನ ಔಟರ್ ರಿಂಗ್ ರೋಡಿನಲ್ಲಿ ಮೆಟ್ರೋ ಕೆಲಸದ ಧೂಳು. ಫುಟ್‌ಪಾತ್ ಅಂಗಡಿಯವನು ಶುಂಠಿ ಜಜ್ಜುತ್ತಿದ್ದಾನೆ. “ಅಣ್ಣಾ, ಒಂದು ಬೈ ಟು” ಅನ್ನುತ್ತೇನೆ. ಜೊತೆಗೆ ಬಂದಿರುವ ಹುಡುಗ ಹಾಸನದ ಕಡೆಯವನು, ಕೆಲಸಕ್ಕೆ ಸೇರಿ ಎರಡು ವರ್ಷ. ಕುತ್ತಿಗೆಯ ಐಡಿ ಕಾರ್ಡು ಟೀಗೆ ಅದ್ದದಂತೆ ಅಂಗಿಯ ಜೇಬಿಗೆ ತುರುಕಿಕೊಳ್ಳುತ್ತಾನೆ.

“ನಿನ್ನೆ ಹಾಕಿದ ಕೋಡಿನ ಪಿಆರ್ ನೋಡ್ದೆ ಕಣೋ.”

ಗ್ಲಾಸು ತುಟಿಯ ಹತ್ತಿರವೇ ನಿಲ್ಲುತ್ತದೆ.

“ಬ್ಯಾಂಕಿಂದ ಉತ್ತರ ಬರದೇ ಹೋದ್ರೆ ಕ್ಯಾಚ್ ಬ್ಲಾಕಲ್ಲಿ ಏನ್ ಮಾಡಿದೀಯ?”

“ಏನೂ ಇಲ್ಲ ಸರ್, ಖಾಲಿ ಬಿಟ್ಟಿದೀನಿ. ಇಲ್ಲಾಂದ್ರೆ ಕ್ರ್ಯಾಶ್ ಆಗ್ತಿತ್ತು.”

“ಆಗ್ಲಿ ಬಿಡು. ಕ್ರ್ಯಾಶ್ ಆದ್ರೆ ಆಗ್ಲೇ ಗೊತ್ತಾಗತ್ತೆ. ಈಗ ಗಿರಾಕಿ ದುಡ್ಡು ಕಟ್ ಆಗಿರತ್ತೆ, ನಮ್ಮ ಲಾಗಲ್ಲಿ ಒಂದಕ್ಷರ ಇರಲ್ಲ. ಎಲ್ಲಿ ಅಂತ ಹುಡುಕ್ತೀಯಾ?”

ಅವನು ಉತ್ತರಿಸುವುದಿಲ್ಲ. ಹಲಗೆಯ ಮೇಲೆ ಚೆಲ್ಲಿದ್ದ ಟೀಯಲ್ಲಿ ಬೆರಳದ್ದಿ ಒಂದು ಚೌಕ ಬರೆಯುತ್ತಾನೆ, ಪಕ್ಕದಲ್ಲಿ ಇನ್ನೊಂದು: ನಮ್ಮ ಸರ್ವರ್, ಬ್ಯಾಂಕು. ಮಧ್ಯದ ಗೆರೆಯ ಮೇಲೆ ಬೆರಳಿಟ್ಟು, “ಆರ್ಡರ್ ನಂಬರ್ ಇಲ್ಲಿ ಬರ್ಕೋಬೇಕಿತ್ತು, ಅಲ್ವಾ ಸರ್?” ಅನ್ನುತ್ತಾನೆ. ಅಂಗಡಿಯವನು ಬಂದು ಬ್ಯಾಂಕು, ಸರ್ವರು ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸುತ್ತಾನೆ.

ಮೇಲೆ ಬಂದು ಕೂತರೆ ಅದೇ ಹುಡುಗನ ಅಪ್ರೈಸಲ್ ಫಾರಂ. 1ರಿಂದ 5ರೊಳಗೆ ಅಂಕ. ‘ಸುಧಾರಿಸಬೇಕಾದ ಅಂಶಗಳು’ ಎಂಬ ಕಡೆ ಕರ್ಸರ್ ಮಿಟುಕುತ್ತಿದೆ. ಖಾಲಿ ಕ್ಯಾಚ್ ಬ್ಲಾಕಿನ ಕಥೆಯನ್ನು ಇಲ್ಲಿ ಬರೆದರೆ ಏಪ್ರಿಲ್ಲಿನಲ್ಲಿ ಅವನ ಹೈಕಿಗೇ ಕತ್ತರಿ. ಹತ್ತು ನಿಮಿಷದಲ್ಲಿ ತಿದ್ದಿಕೊಂಡ ತಪ್ಪು ಅದು. ‘ಕಮ್ಯುನಿಕೇಷನ್ ಸುಧಾರಿಸಬೇಕು’ ಎಂದು ಹೋದ ವರ್ಷದ ಸಾಲನ್ನೇ ಅಂಟಿಸುತ್ತೇನೆ. ಅಂಕ 3. ಬೆಲ್ ಕರ್ವಿನಲ್ಲಿ ಎಲ್ಲರಿಗೂ 4 ಕೊಡುವಂತಿಲ್ಲ. ಮೈಕ್ರೋಸಾಫ್ಟ್ 2013ರಲ್ಲೇ ಆ ಪದ್ಧತಿಯನ್ನು ಕೈಬಿಟ್ಟಿತು. ನಮ್ಮಲ್ಲಿ ಆ ಗಂಟೆ ಇನ್ನೂ ತೂಗುತ್ತಲೇ ಇದೆ.

ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಕೋಡ್ ತಪಾಸಣೆಯ ಕ್ರಮವನ್ನು ಬರೆದ. ಟೀ ಅಂಗಡಿಯ ಮಾತಲ್ಲ, ಪೂರಾ ಶಿಸ್ತು: ಸಭೆ ನಡೆಸಲು ಮಾಡರೇಟರ್, ಸಿಕ್ಕ ಪ್ರತಿ ತಪ್ಪಿಗೂ ಲೆಕ್ಕ. ಆದರೆ ಆ ಲೆಕ್ಕವನ್ನು ಪ್ರೋಗ್ರಾಮರನ ಅಪ್ರೈಸಲ್ಲಿಗೆ ಬಳಸಲೇಕೂಡದು ಎಂದೂ ಅದರಲ್ಲೇ ಎಚ್ಚರಿಸಿದ್ದ. ಅವನು ಕಟ್ಟಿದ ಗೋಡೆ ನನ್ನ ಮಟ್ಟಿಗೆ ಟೀ ಅಂಗಡಿಗೂ ಈ ಫಾರಂಗೂ ನಡುವಿನ ನಾಲ್ಕು ಮಹಡಿ. ಬಾಯಲ್ಲಿ ಹೇಳುವುದೇ ಸರಿ ಎಂದು ಇಷ್ಟು ದಿನ ನೆಮ್ಮದಿಯಾಗಿದ್ದೆ.

ಐದು ಗಂಟೆಗೆ ವಿಡಿಯೋ ಕಾಲ್. ಹುಬ್ಬಳ್ಳಿಯ ಮನೆಯಿಂದಲೇ ಕೆಲಸ ಮಾಡುವ ನಮ್ಮ ಟೀಮಿನಾಕೆ. ಹಿಂದೆ ಕುಕ್ಕರ್ ಕೂಗುತ್ತಿದೆ. ಫಾರಂ ಓದಿ ಮುಗಿಸುತ್ತೇನೆ, ಅವರದೂ 3.

“ಸರ್, ಒಂದ್ ಮಾತ್ ಕೇಳ್ಲ್ಯಾ? ಮೂರ್ ವರ್ಷ ಆತು, ‘ಗುಡ್ ವರ್ಕ್’ ಅಂತನ ಬರ್ತದ. ನನ್ನ ಕೋಡಿನಾಗ ತಪ್ಪ ಇಲ್ಲೇನ್ರಿ?”

ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತೇನೆ. ಇವರ ಜೊತೆ ನಾನು ಬೈ ಟು ಕುಡಿದೇ ಇಲ್ಲ. ಹುಡುಗನಿಗೆ ಸಿಕ್ಕಿದ್ದು ಇವರಿಗೆ ಎಲ್ಲಿಂದ ಸಿಗಬೇಕು? ಫಾರಂನಲ್ಲಿ ಬರೆಯಲಿಲ್ಲ, ಕಿವಿಗೂ ಹಾಕಲಿಲ್ಲ.

“ಫೆಬ್ರವರಿಯಲ್ಲಿ ರಿಫಂಡಿಗೆ ಬರೆದಿದ್ರಲ್ಲ, ಅದನ್ನ ತೆಗೀರಿ. ಸ್ಕ್ರೀನ್ ಶೇರ್ ಮಾಡಿ.”

“ಈಗಾ?”

“ಈಗ್ಲೇ.”

“ನಿಲ್ರಿ, ಕುಕ್ಕರ್ ಇಳಿಸಿ ಬಂದೆ.”

ಪರದೆಯ ಮೇಲೆ ಕೋಡು ಮೂಡುತ್ತದೆ. ಇಬ್ಬರೂ ಸಾಲುಸಾಲಾಗಿ ಇಳಿಯುತ್ತೇವೆ. 48ನೇ ಸಾಲಿನಲ್ಲಿ ರೀಟ್ರೈ ಲೂಪಿಗೆ ಮಿತಿಯೇ ಇಲ್ಲ. ಬ್ಯಾಂಕು ಸುಮ್ಮನಾದರೆ ಇದು ಬೆಳಗಿನವರೆಗೂ ಬಾಗಿಲು ಬಡಿಯುತ್ತದೆ. ಪಕ್ಕದಲ್ಲಿ ಹಸಿರು ಟಿಕ್, ಅದರ ಕೆಳಗೆ ‘ಎಲ್‌ಜಿಟಿಎಂ’ (ಲುಕ್ಸ್ ಗುಡ್ ಟು ಮಿ), ಅದರ ಮುಂದೆ ನನ್ನ ಹೆಸರು.