ಮೂರನೆಯ ಚರಣ

ಅಮ್ಮನ ಹಾಡಿನ ಪುಸ್ತಕ ನನ್ನ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಹದಿನಾರು ವರ್ಷ ಮಲಗಿತ್ತು. ಪುಸ್ತಕವೆಂದರೆ ಎಂಥದು ಅಂದುಕೊಂಡಿರಿ? ಅಪ್ಪನ ಉದ್ದನೆಯ ಲೆಕ್ಕದ ಪುಸ್ತಕ. ಮುಂದಿನಿಂದ ತೆರೆದರೆ ಅಡಿಕೆಯ ಲೆಕ್ಕ, ಹಿಂದಿನಿಂದ ತೆರೆದರೆ ಅಮ್ಮನ ಹಾಡು. ಕಳೆದ ವರ್ಷ, 2025ರಲ್ಲಿ, ಮಗಳ ಮದುವೆಗೆ ಸೀರೆ ತೆಗೆಯಲು ಹೋದಾಗ ಕೈಗೆ ಸಿಕ್ಕಿತು. ತೆರೆದ ಹಾಳೆಯಲ್ಲೇ ಇತ್ತು, 1990ರಲ್ಲಿ ನನ್ನ ಮದುವೆಗೆಂದು ಅಮ್ಮ ಬರೆದ ಹಸೆಗೆ ಕರೆಯುವ ಹಾಡು.

ಮಾತು ಇತ್ತು, ಧಾಟಿ ಇರಲಿಲ್ಲ. ಧಾಟಿ 2009ರಲ್ಲಿ ಅಮ್ಮನ ಜೊತೆಗೇ ಹೋಗಿತ್ತು. ಕಲಿತಿಟ್ಟುಕೊಳ್ಳಬೇಕಾಗಿದ್ದವಳು ನಾನೇ. ಆದರೆ ಅಂದು ನಾನು ಮಾಡಿದ್ದೇನು? ಗಂಡಿನ ಕಡೆಯವರು ಗಡಿಯಾರ ನೋಡುತ್ತಿದ್ದರು. ಅಮ್ಮ ಎರಡು ಚರಣ ಮುಗಿಸಿ ಮೂರನೆಯದಕ್ಕೆ ಉಸಿರೆಳೆದುಕೊಂಡಾಗ, ತಲೆ ತಗ್ಗಿಸಿಕೊಂಡೇ ‘ಸಾಕಮ್ಮಾ’ ಎಂದುಬಿಟ್ಟೆ. ಅಮ್ಮ ನಿಲ್ಲಿಸಿದಳು. ಆಮೇಲೆ ಅವಳು ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

‘ಅದಕ್ಕೇನು, ಫೋನಿನಲ್ಲೇ ಧಾಟಿ ಹಾಕಿಸೋಣ’ ಎಂದಳು ಮಗಳು. 2023ರಿಂದೀಚೆಗೆ ಸುನೋ, ಯುಡಿಯೋ ಎಂಬಂಥ ಕೃತಕ ಬುದ್ಧಿಯ ಸಾಧನಗಳು ಬಂದಿವೆ. ಹಾಡಿನ ಸಾಲು ಕೊಟ್ಟು, ಎಂಥ ಹಾಡು ಬೇಕೆಂದು ನಾಲ್ಕು ಮಾತು ಹೇಳಿದರೆ ದನಿ, ವಾದ್ಯ ಎಲ್ಲ ಸೇರಿಸಿ ಹಾಡಿಬಿಡುತ್ತವೆ. ಅಂಥದೊಂದನ್ನು ನನ್ನ ಫೋನಿಗೆ ಹಾಕಿಕೊಟ್ಟು ಅವಳು ಬೆಂಗಳೂರಿಗೆ ಹೋದಳು.

ನಾನು ಅಡುಗೆಮನೆಯ ಮಣೆಯ ಮೇಲೆ ಕೂತು ಪಲ್ಲವಿ, ಅನುಪಲ್ಲವಿ, ಎರಡು ಚರಣ ಎಲ್ಲವನ್ನೂ ಒಂದೇ ಉಂಡೆ ಮಾಡಿ ಬರೆದೆ. ಫೋನು ಒಂದೇ ಉಸಿರಿಗೆ, ಬಸ್ಸು ತಪ್ಪಿಹೋಗುವವರ ಹಾಗೆ ಹಾಡಿತು. ಪಲ್ಲವಿ ಎಲ್ಲಿ ಮುಗಿಯಿತು, ಚರಣ ಎಲ್ಲಿ ಶುರುವಾಯಿತು, ದೇವರೇ ಬಲ್ಲ.

ಮಗಳಿಗೆ ಫೋನು ಮಾಡಿದೆ. ‘ಅಮ್ಮಾ, ಅದಕ್ಕೆ ಯಾವುದು ಏನು ಅಂತ ಗೊತ್ತಾಗಬೇಡವೇ? ಒಂದೊಂದು ಭಾಗದ ಮೇಲೂ ಹೆಸರು ಬರಿ. ಚರಣಕ್ಕೆ ವರ್ಸ್, ಪಲ್ಲವಿಗೆ ಕೋರಸ್.’ ಕೋರಸ್ ಯಾಕೆ, ನಮ್ಮ ಮಾತೇ ಇರಲಿ ಎಂದು ‘ಪಲ್ಲವಿ’ ಎಂದೇ ಬರೆದೆ. ಫೋನಿನೊಳಗಿನ ಹೆಂಗಸು ತಂಬೂರಿ ಮೀಟಿಕೊಂಡು ‘ಪಲ್ಲವೀ...’ ಎಂದು ಆಲಾಪನೆಯನ್ನೇ ಶುರುಮಾಡಿದಳು! ಹೆಸರನ್ನು ಚೌಕದ ಬ್ರಾಕೆಟ್ಟಿನೊಳಗೆ ಇಡಬೇಕಿತ್ತಂತೆ. ಹೊರಗಿಟ್ಟರೆ ಅದನ್ನೂ ಹಾಡೆಂದೇ ತಿಳಿಯುತ್ತದೆ. ಕಡೆಗೆ ಮಗಳು ಹೇಳಿದ ಇಂಗ್ಲಿಷ್ ಹೆಸರುಗಳನ್ನೇ ಬ್ರಾಕೆಟ್ಟಿನಲ್ಲಿ ಕೂರಿಸಿದೆ.

ಮುಂದಿನದೆಲ್ಲ ಎಡವಿ ಎಡವಿ ಕಲಿತದ್ದು. ಇಂಗ್ಲಿಷ್ ಹಾಡುಗಳಲ್ಲಿ ಸಾಮಾನ್ಯವಾಗಿ ವರ್ಸ್ ಮೊದಲು, ಕೋರಸ್ ಆಮೇಲೆ. ನಮ್ಮದು ಪಲ್ಲವಿಯಿಂದಲೇ ಹೊರಡುತ್ತದೆ. ಹಾಗಾಗಿ ಕೋರಸ್ಸನ್ನು ಎತ್ತಿ ತಲೆಯಲ್ಲಿಟ್ಟೆ. ನಮ್ಮ ಪುಸ್ತಕಗಳಲ್ಲಿ ಚರಣದ ಕೊನೆಗೆ ಪಲ್ಲವಿಯ ಮೊದಲ ಪದ ಬರೆದು ಮೂರು ಚುಕ್ಕೆ ಇಟ್ಟರೆ ಸಾಕು, ಹಾಡುವವರಿಗೆ ತಿಳಿಯುತ್ತದೆ. ಯಂತ್ರ ಆ ಒಂದು ಪದ ಹಾಡಿ ಸುಮ್ಮನಾಯಿತು. ಪ್ರತಿ ಸಲವೂ ಹೆಸರು ಹಾಕಿ ಪೂರ್ತಿ ಬರೆದ ಮೇಲೆ ಪಲ್ಲವಿ ಹೋದ ದಾರಿಯಲ್ಲೇ ಮರಳಿ ಬಂತು. ಸಾಲಿನಲ್ಲಿ ಅಕ್ಷರ ಹೆಚ್ಚಾದರೆ ತುರುಕುತ್ತದೆ, ಕಡಿಮೆಯಾದರೆ ಎಳೆಯುತ್ತದೆ. ಅನುಪಲ್ಲವಿಗೆ ಪ್ರೀ-ಕೋರಸ್ ಎಂದು ಬರೆದು ನೋಡಿದೆ. ನಮ್ಮ ಕೀರ್ತನೆಗಳ ಅನುಪಲ್ಲವಿಯ ಹಾಗೆಯೇ ದನಿ ಮೇಲೇರಿ ಪಲ್ಲವಿಗೆ ಇಳಿಯಿತು. ಖುಷಿಯಿಂದ ಒಗ್ಗರಣೆ ಸೀದದ್ದೂ ತಿಳಿಯಲಿಲ್ಲ.

ಎರಡನೆಯ ಚರಣದ ಮುಂದೆ ಮುಕ್ತಾಯದ ಹೆಸರು ಹಾಕಿದ್ದೆ, ಔಟ್ರೋ ಅಂತ. ಈಗಿನ ಮದುವೆಮನೆಯಲ್ಲಿ ಯಾರಿಗೆ ಪುರುಸೊತ್ತು, ಮೂರು ನಿಮಿಷ ಸಾಕು ಎಂಬ ಲೆಕ್ಕ. ಭಾಗಗಳು ಸರಿಯಾಗಿವೆಯೇ ಎಂದು ಅಮ್ಮನ ಹಾಳೆಗೆ ತಾಳೆ ನೋಡುತ್ತಾ ಕೂತೆ. ಅಮ್ಮ ಎಲ್ಲವನ್ನೂ ಗುರುತು ಮಾಡಿಯೇ ಇಟ್ಟಿದ್ದಳು: ಪ, ಅ.ಪ, ೧, ೨. ಪಲ್ಲವಿಯ ಪಕ್ಕದಲ್ಲಿ ಮಾತ್ರ ಸಣ್ಣಕ್ಷರದಲ್ಲಿ ‘ಎಲ್ಲರೂ’ ಎಂದಿತ್ತು. ಚರಣ ಒಬ್ಬಳದು, ಪಲ್ಲವಿ ಎಲ್ಲರದು. ಹಾಳೆ ಮಗುಚಿದೆ. ಹಿಂಬದಿಯಲ್ಲಿ ೩ ಇತ್ತು.

ಮೊದಲ ಚರಣದಲ್ಲಿ ಹಸೆಯ ವರ್ಣನೆ, ಎರಡನೆಯದರಲ್ಲಿ ಅಳಿಯನ ಮನೆಯ ಹೊಗಳಿಕೆ. ಮೂರನೆಯದು ನನಗೆ ಬರೆದದ್ದು. ಹೋದ ಕಡೆ ನೋವಾದರೆ ನುಂಗಿಕೊಂಡು ಕೂರಬೇಡ, ಹಿತ್ತಿಲ ಬಾಗಿಲಿಗೆ ನಾನು ಅಗುಳಿ ಹಾಕುವುದಿಲ್ಲ ಎಂದು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಬೀಗರ ಎದುರಿಗೇ ಹಾಡಬೇಕೆಂದು ಅಮ್ಮ ಬರೆದ ಮಾತು. ಮದುವೆಯಾದ ಮೊದಲ ಮೂರು ವರ್ಷ ನಾನು ನುಂಗಿಕೊಂಡು ಕೂತದ್ದಕ್ಕೆ ಲೆಕ್ಕವಿಲ್ಲ. ಆ ಬಾಗಿಲು ತೆರೆದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ತಡೆದ ‘ಸಾಕಮ್ಮಾ’ ನನ್ನದೇ. ಈಗ ಅದೇ ಜಾಗದಲ್ಲಿ ಔಟ್ರೋ ಎಂದು ಬರೆದ ಕೈಯೂ ನನ್ನದೇ.

ಔಟ್ರೋ ಅಳಿಸಿದೆ. ಮೂರನೆಯ ಚರಣಕ್ಕೆ ವರ್ಸ್ ಎನ್ನಲು ಮನಸ್ಸಾಗಲಿಲ್ಲ. ಬ್ರಿಜ್ ಎಂದು ಇನ್ನೊಂದು ಹೆಸರಿದೆ. ಸಾಮಾನ್ಯವಾಗಿ ಒಂದೇ ಸಲ ಬಂದು, ಧಾಟಿ ಬದಲಿಸಿ, ಮತ್ತೆ ಪಲ್ಲವಿಗೆ ದಾಟಿಸುವ ಭಾಗ. ಅದನ್ನೇ ಹಾಕಿ, ತಂಬೂರಿಯೊಂದೇ ಇರಲಿ ಎಂದೂ ಬರೆದೆ. ನಾಲ್ಕೈದು ಸಲ ಹಾಡಿಸಿದ ಮೇಲೆ ಮನಸ್ಸಿಗೆ ಬಂತು.

ಊರಿಗೆ ಹೋಗಿ ಎಂಬತ್ತೆರಡು ವರ್ಷದ ಚಿಕ್ಕಮ್ಮನಿಗೆ ಕೇಳಿಸಿದೆ. ಪಲ್ಲವಿ ಮುಗಿಯುವ ಮೊದಲೇ ‘ಅಯ್ಯೋ, ಅಕ್ಕನ ಧಾಟಿ ಇದಲ್ಲ ಕಣೇ’ ಎಂದು ಕೈಯಾಡಿಸಿದಳು. ಮತ್ತೆ ಯಾವುದೇ ಚಿಕ್ಕಮ್ಮಾ? ಒಂದಿಷ್ಟು ಹೊತ್ತು ಸೂರು ನೋಡುತ್ತಾ ಕೂತವಳು, ಒಡೆದ ದನಿಯಲ್ಲಿ ಪಲ್ಲವಿ ಹಾಡಿದಳು. ಎಷ್ಟು ಸಲ ಎಲ್ಲರ ಜೊತೆ ಹಾಡಿದ್ದಳೋ, ಅದೊಂದು ಉಳಿದಿತ್ತು. ಚರಣ ನೆನಪಾಗಲಿಲ್ಲ, ಅದು ಅಮ್ಮ ಒಬ್ಬಳೇ ಹಾಡುತ್ತಿದ್ದದ್ದು.

ಮಗಳ ಮದುವೆಯಲ್ಲಿ ಫೋನು ಚೀಲದಲ್ಲೇ ಇತ್ತು. ಪಲ್ಲವಿ ಅಮ್ಮನ ಧಾಟಿಯಲ್ಲಿ, ಚಿಕ್ಕಮ್ಮನ ಹಿಂದೆ ಎಲ್ಲರೂ. ಚರಣಗಳು ಯಂತ್ರದಿಂದ ಕಲಿತ ಧಾಟಿಯಲ್ಲಿ, ನಾನೊಬ್ಬಳೇ. ಎರಡನೆಯ ಚರಣ ಮುಗಿದಾಗ ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಇಲ್ಲದಿದ್ದರೂ ಹಾಡುತ್ತಿದ್ದೆ ಅನ್ನಿ.