ಹತ್ತದ ಕಲ್ಲಿದ್ದಲೂ ಹಠದ ಥಾಮಸನೂ

ಫಿಲಡೆಲ್ಫಿಯದಲ್ಲಿ ಒಂದು ಕೋಟಿನ ಕತೆ ಹೇಳುತ್ತಾರೆ. 1812ರ ಯುದ್ಧದ ಕಾಲ. ಜೊಸೈಯಾ ವೈಟ್, ಅರ್ಸ್ಕಿನ್ ಹಜಾರ್ಡ್ ಎಂಬಿಬ್ಬರು ಅಲ್ಲಿ ತಂತಿ ಎಳೆಯುವ ಕಾರ್ಖಾನೆ ನಡೆಸುತ್ತಿದ್ದರು. ಕಡಲ ದಾರಿ ಕಟ್ಟಿಹೋಗಿ ಮಾಮೂಲಿ ಕಲ್ಲಿದ್ದಲು ಬರುವುದು ನಿಂತಿತು. ಸರಿ, ಪೆನ್ಸಿಲ್ವೇನಿಯದ ಬೆಟ್ಟಗಳಲ್ಲಿ ಬೇಕಾದಷ್ಟು ಬಿದ್ದಿದ್ದ ಆಂಥ್ರಸೈಟ್ ತರಿಸಿದರು. ಆಂಥ್ರಸೈಟ್ ಎಂದರೆ ಕಲ್ಲಿದ್ದಲುಗಳಲ್ಲೆಲ್ಲ ಗಟ್ಟಿಯದು: ಹೊಳಪು ಹೆಚ್ಚು, ಹೊಗೆ ಇಲ್ಲವೇ ಇಲ್ಲವೆನ್ನಬಹುದು. ಒಂದೇ ದೋಷ, ಹತ್ತುವುದಿಲ್ಲ. ಕೆಲಸಗಾರರು ರಾತ್ರಿಯಿಡೀ ಊದಿದರು, ಕೆದಕಿದರು, ತಿವಿದರು, ಬೈದರು. ಕೊನೆಗೆ ಬಾಗಿಲನ್ನು ದಢಾರನೆ ಮುಚ್ಚಿ ಮನೆಗೆ ಹೊರಟರು. ಒಬ್ಬ ಕೋಟು ಮರೆತಿದ್ದ. ಅದಕ್ಕಾಗಿ ಹಿಂದಿರುಗಿ ನೋಡುತ್ತಾನೆ, ಕುಲುಮೆಯ ಬಾಗಿಲು ಕೆಂಪಗೆ ಕಾದು ಕೂತಿದೆ! ಕೈಯಾಡಿಸದೆ ಸುಮ್ಮನೆ ಬಿಟ್ಟರೆ ಅದು ತಾನಾಗಿ ಉರಿಯುತ್ತದೆ ಎಂಬ ಗುಟ್ಟು ಹೀಗೆ ಬಯಲಾಯಿತಂತೆ. ಕೋಟು ಮರೆತವನ ಹೆಸರು ಕತೆಯಲ್ಲಿಲ್ಲ. ಮಾಲೀಕರ ಹೆಸರಿದೆ, ಕೋಟಿದೆ.

ಆದರೆ ಕಬ್ಬಿಣ ಕಾಯಿಸುವುದು ಬೇರೆ, ಅದಿರು ಕರಗಿಸಿ ಕಬ್ಬಿಣ ತೆಗೆಯುವುದು ಬೇರೆ. ಎರಡನೆಯದಕ್ಕೆ ಆಂಥ್ರಸೈಟ್ ಜಪ್ಪಯ್ಯ ಎಂದರೂ ಒಗ್ಗಲಿಲ್ಲ. ಇದ್ದಿಲಿಗಾಗಿ ಕಾಡು ಕಡಿಯುವುದು ನಡೆದೇ ಇತ್ತು. ಇದೇ ವೈಟ್ ಮತ್ತು ಹಜಾರ್ಡ್ ಮುಂದೆ ಲೀಹೈ ನದಿಗೆ ಕಾಲುವೆ ಕಟ್ಟಿ, ಗಣಿ ತೆಗೆದು, ಕಲ್ಲಿದ್ದಲಿನ ದೊಡ್ಡ ಸಾಹುಕಾರರಾದರು. ಕಲ್ಲಿದ್ದಲು ರಾಶಿ ಇತ್ತು, ಅದಿರೂ ಇತ್ತು, ಅವೆರಡಕ್ಕೆ ಗಂಟು ಹಾಕುವವನು ಮಾತ್ರ ಇರಲಿಲ್ಲ. ಅವನು ಅಟ್ಲಾಂಟಿಕ್ ಸಾಗರದ ಆಚೆ, ವೇಲ್ಸ್‌ನ ಒಂದು ಕಣಿವೆಯಲ್ಲಿ, ಮೈಗೆ ಮಸಿ ಬಳಿದುಕೊಂಡು ಸೋಲುತ್ತಾ ಕೂತಿದ್ದ.

ಅವನೇ ಡೇವಿಡ್ ಥಾಮಸ್. ಹೆಸರಿನಲ್ಲಿ ಏನೂ ವಿಶೇಷವಿಲ್ಲ. ದಕ್ಷಿಣ ವೇಲ್ಸ್‌ನ ಯಾವುದೇ ಸಂತೆಯಲ್ಲಿ ನಿಂತು ಕೂಗಿದರೆ ಹತ್ತು ಜನ ತಿರುಗಿ ನೋಡಿಯಾರು. ಹುಟ್ಟಿದ್ದು 1794ರಲ್ಲಿ, ನೀತ್ ಪಟ್ಟಣದ ಬಳಿ, ರೈತನ ಮಗನಾಗಿ. ಮನೆಯವರು ದೈವಭೀರುಗಳು. ಹದಿನೇಳಕ್ಕೆ ನೀತ್ ಆಬಿ ಕಬ್ಬಿಣದ ಕಾರ್ಖಾನೆ ಸೇರಿದ. 1817ರಲ್ಲಿ, ಇಪ್ಪತ್ತಮೂರೂ ತುಂಬದ ಹುಡುಗ, ಸ್ವಾನ್ಸಿ ಕಣಿವೆಯ ಮೇಲ್ಭಾಗದ ಇನಿಸ್ಕೆಡ್ವಿನ್ ಕಾರ್ಖಾನೆಯ ಮೇಲ್ವಿಚಾರಕನಾದ.

ಥಾಮಸನಂಥವರನ್ನು ಅರ್ಥಮಾಡಿಕೊಳ್ಳಲು ಇಲ್ಲಿ ಚಾಪೆಲ್ಲುಗಳ ಮಾತು ಸ್ವಲ್ಪ ಆಡಬೇಕು. ವೇಲ್ಸ್‌ನ ಚಾಪೆಲ್ ಎಂದರೆ ಬಿಷಪ್ಪನ ಅಪ್ಪಣೆಗೆ ಕಾಯುವ ಚರ್ಚಲ್ಲ. ಇಂಡಿಪೆಂಡೆಂಟ್ ಎಂದು ಕರೆಸಿಕೊಂಡ ಪಂಗಡದಲ್ಲಂತೂ ಸಭೆಯೇ ಸರ್ವಾಧಿಕಾರಿ: ಪಾದ್ರಿಯನ್ನು ಆರಿಸುವುದು, ಕಟ್ಟಡಕ್ಕೆ ಚಂದಾ ಎತ್ತುವುದು, ಲೆಕ್ಕ ಇಡುವುದು, ತಪ್ಪಿದವರನ್ನು ವಿಚಾರಿಸುವುದು ಎಲ್ಲ ಅವರದೇ. ಅಲ್ಲಿನ ಭಾನುವಾರದ ಶಾಲೆ ಮಕ್ಕಳಿಗೆ ಮಾತ್ರವಲ್ಲ. ನೆರೆಗೂದಲಿನ ಗಣಿಗಾರನೂ ಕೂತು, ವಿಲಿಯಂ ಮಾರ್ಗನ್ 1588ರಲ್ಲಿ ವೆಲ್ಷ್ ಭಾಷೆಗೆ ತಂದ ಬೈಬಲನ್ನು ಅಕ್ಷರ ಅಕ್ಷರವಾಗಿ ಓದಲು ಕಲಿಯುತ್ತಿದ್ದ. ಕಾಲೇಜು ಕಾಣದ ಕುಶಲಕರ್ಮಿಗಳಿಗೆ ಸಂಸ್ಥೆ ಕಟ್ಟುವ ವಿದ್ಯೆ ಬಂದದ್ದು ಇಲ್ಲಿಂದ ಎಂದು ನನ್ನ ನಂಬಿಕೆ. ದೇವರು ಅವರಿಗೆ ಏನು ಕೊಟ್ಟನೋ ಅವನಿಗೇ ಗೊತ್ತು, ಆಡಳಿತವನ್ನಂತೂ ಕಲಿಸಿದ.

ಇನಿಸ್ಕೆಡ್ವಿನ್ ಕಾರ್ಖಾನೆ ಕೂತಿದ್ದದ್ದೇ ಆಂಥ್ರಸೈಟ್ ಪದರದ ಮೇಲೆ. ಕಾಲಡಿಯ ಕಲ್ಲಿದ್ದಲು ಬಿಟ್ಟು ದೂರದಿಂದ ಕೋಕ್, ಅಂದರೆ ಬೇಯಿಸಿ ಹದಗೊಳಿಸಿದ ಮಾಮೂಲಿ ಕಲ್ಲಿದ್ದಲು, ಹೇರಿಸಿಕೊಳ್ಳುವುದು ಅವರ ಕರ್ಮವಾಗಿತ್ತು. ಮಾಲೀಕ ಜಾರ್ಜ್ ಕ್ರೇನ್ ಜೊತೆ ಸೇರಿ 1820ರಿಂದ ಥಾಮಸ್ ಪ್ರಯೋಗ ಶುರುಮಾಡಿದ. ಕುಲುಮೆಯ ಅಳತೆ ಬದಲಿಸಿದ, ಎತ್ತರ ಹೆಚ್ಚಿಸಿದ, ಕೋಕಿನೊಂದಿಗೆ ಬೆರೆಸಿದ. ಹದಿನಾರು ವರ್ಷ ಸೋಲು. ಲೆಕ್ಕ ಕೇಳುವ ಮಾಲೀಕ ಇಷ್ಟು ದಿನ ತಾಳಿದ್ದೇ ನನಗೆ ಪವಾಡವಾಗಿ ಕಾಣುತ್ತದೆ.

ಉತ್ತರ ಸಿಕ್ಕಿದ್ದು ಗಾಳಿಯಲ್ಲಿ. ಕುಲುಮೆಗೆ ಊದುವ ಗಾಳಿ ತಣ್ಣಗಿದ್ದಷ್ಟೂ ಒಳ್ಳೆಯದು ಎಂಬುದು ಆ ಕಾಲದ ಕಬ್ಬಿಣದವರ ವೇದವಾಕ್ಯ. ಕಾರಣವೂ ಇತ್ತು: ಚಳಿಗಾಲದಲ್ಲಿ ಕಬ್ಬಿಣ ಚೆನ್ನಾಗಿ ಬರುತ್ತಿತ್ತು. ಆದ್ದರಿಂದ ಗಾಳಿಯ ಕೊಳವೆಗಳಿಗೆ ಸುಣ್ಣದ ಬಣ್ಣ ಬಳಿದರು, ಗಾಳಿಯನ್ನು ತಣ್ಣೀರಿನ ಮೇಲೆ ಹಾಯಿಸಿದರು, ಮಂಜುಗಡ್ಡೆ ಕೂಡ ಇಟ್ಟರು. ಚಳಿಗಾಲದ ಗಾಳಿಯ ಗುಣ ಅದರ ತಂಪಿನಲ್ಲಿರಲಿಲ್ಲ, ತೇವ ಕಡಿಮೆ ಇದ್ದುದರಲ್ಲಿತ್ತು. ಕಣ್ಣಾರೆ ಕಂಡ ಸತ್ಯದಿಂದ ಎಂಥ ಪೂರಾ ಸುಳ್ಳು ಸಿದ್ಧಾಂತ ಹುಟ್ಟಬಹುದು ನೋಡಿ! 1828ರಲ್ಲಿ ಗ್ಲಾಸ್ಗೋದ ಜೇಮ್ಸ್ ಬೋಮಾಂಟ್ ನೀಲ್ಸನ್ ಗಾಳಿಯನ್ನು ಕಾಯಿಸಿ ಊದುವ ಪೇಟೆಂಟ್ ಪಡೆದಾಗ ಕಬ್ಬಿಣದ ಪಂಡಿತರು ನಕ್ಕರು. ಮುಂದೆ ಅವರೇ ಸಾಲುಗಟ್ಟಿ ನಿಂತು ಪರವಾನಗಿ ಕೊಂಡರು.

ಒಂದು ಸಂಜೆ ಕ್ರೇನ್‌ನ ಓದುಕೋಣೆಯಲ್ಲಿ ಥಾಮಸ್, ಹಸಿ ಸೌದೆಯ ಮುಂದೆ ಕೂತ ಅಜ್ಜಿಯ ಹಾಗೆ, ಅಗ್ಗಿಷ್ಟಿಕೆಯ ಆಂಥ್ರಸೈಟನ್ನು ತಿದಿಯಿಂದ ಊದುತ್ತಿದ್ದನಂತೆ. ಊದಬೇಡ, ಇರುವುದೂ ಆರಿಹೋದೀತು ಎಂದು ಕ್ರೇನ್ ಎಚ್ಚರಿಸಿದ. ಆಗ ಥಾಮಸನಿಗೆ ಹೊಳೆಯಿತು: ನೀಲ್ಸನ್‌ನ ಬಿಸಿಗಾಳಿ ಸಿಕ್ಕರೆ ಈ ಕಲ್ಲು ದೇವದಾರು ಸೌದೆಯಂತೆ ಉರಿದೀತು. 1836ರಲ್ಲಿ ಗ್ಲಾಸ್ಗೋಗೆ ಓಡಿದ, ಗಾಳಿ ಕಾಯಿಸುವ ಒಲೆಗಳನ್ನು ನೋಡಿಬಂದ. 1837ರ ಫೆಬ್ರವರಿ 5ರಂದು ಇನಿಸ್ಕೆಡ್ವಿನ್ ಕುಲುಮೆ ಹತ್ತಿತು, ಅದಿರು ಕರಗಿತು.

ಇದೇ ವಿಚಾರ ಅಮೆರಿಕದಲ್ಲಿ ಇನ್ನೊಬ್ಬನ ತಲೆಗೂ ಬಂದಿತ್ತು. 1833ರಲ್ಲಿಯೇ ಪೇಟೆಂಟ್ ಪಡೆದ ಫ್ರೆಡೆರಿಕ್ ಗೈಸನ್‌ಹೈನರ್ ಉದ್ಯೋಗದಿಂದ ಲೂಥರನ್ ಪಾದ್ರಿ. ಪೀಠದ ಮೇಲೆ ನರಕದ ಬೆಂಕಿ, ಕೆಳಗಿಳಿದರೆ ಕುಲುಮೆಯ ಬೆಂಕಿ! ಆದರೆ ಅವನ ಪ್ರಯೋಗ ಬಹುಕಾಲ ನಡೆಯಲಿಲ್ಲ. ಮೊದಲಿಗ ಯಾರು ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಕುಲುಮೆ ಆರದಂತೆ ವರ್ಷಗಟ್ಟಲೆ ನಡೆಸಿದವನು ಯಾರು ಎಂದು ಕೇಳಿದರೆ ಉತ್ತರದಲ್ಲಿ ಗೊಂದಲವಿಲ್ಲ.

ಸುದ್ದಿ ಲೀಹೈ ಕಣಿವೆ ಮುಟ್ಟಿತು. ಹಜಾರ್ಡ್ ಖುದ್ದು ವೇಲ್ಸ್‌ಗೆ ಬಂದ. ಥಾಮಸ್ ಲೀಹೈಗೆ ಬಂದು ಅವರ ಕಂಪನಿಗೆ ಕುಲುಮೆ ಕಟ್ಟಿಕೊಡಬೇಕೆಂಬ, 1838ರ ಡಿಸೆಂಬರ್ 31ರ ತಾರೀಖಿನ ಒಪ್ಪಂದ ಓದಲು ರುಚಿಯಾಗಿದೆ. ಐದು ವರ್ಷದ ಕರಾರು. ಮೊದಲ ಕುಲುಮೆ ಗೆಲ್ಲುವ ತನಕ ವರ್ಷಕ್ಕೆ 200 ಪೌಂಡ್, ಮನೆ, ಉರುವಲು. ಗೆದ್ದರೆ 50 ಪೌಂಡ್ ಹೆಚ್ಚು, ಮುಂದೆ ಕುಲುಮೆಗೊಂದರಂತೆ 50. ಸೋತರೆ? ಒಪ್ಪಂದ ರದ್ದು, ಸಂಸಾರ ಸಮೇತ ಊರಿಗೆ ಮರಳುವ ಖರ್ಚು ಕಂಪನಿಯದು. ನಂಬಿಕೆಯ ಮನುಷ್ಯ ಎಂದು ಹೆಸರಾದವನು ವಾಪಸು ಟಿಕೆಟ್ಟಿಗೂ ಸಹಿ ಹಾಕಿಸಿಕೊಂಡ ಎಂಬುದು ನನಗೆ ಬಹಳ ಹಿಡಿಸಿತು. ದೇವರ ಮೇಲೆ ಭರವಸೆ ಬೇರೆ, ಕಂಪನಿಯ ಮೇಲೆ ಭರವಸೆ ಬೇರೆ.

1839ರ ಬೇಸಿಗೆಯಲ್ಲಿ ಹೆಂಡತಿ ಎಲಿಜಬೆತ್, ಐವರು ಮಕ್ಕಳೊಂದಿಗೆ ರೋಷಿಯಸ್ ಹಡಗಿನಲ್ಲಿ ಬಂದಿಳಿದ. ಇಳಿದದ್ದೇ ಜ್ವರ. ವಯಸ್ಸು ನಲವತ್ತನಾಲ್ಕು, ಹೊಸ ದೇಶ, ಸುತ್ತಮುತ್ತ ಜರ್ಮನ್ ಮಾತಾಡುವ ರೈತರು. ಗಾಳಿ ಊದುವ ಯಂತ್ರದ ಭಾರಿ ಸಿಲಿಂಡರುಗಳು ಹಡಗಿನ ಬಾಯಿಯಲ್ಲಿ ಹಿಡಿಸದೆ ಬ್ರಿಟನ್ನಿನ ದಡದಲ್ಲೇ ಉಳಿದವು. ಫಿಲಡೆಲ್ಫಿಯದ ಸೌತ್‌ವಾರ್ಕ್ ಫೌಂಡ್ರಿಯವರ ಯಂತ್ರಕ್ಕೆ ಅಷ್ಟು ದೊಡ್ಡ ಸಿಲಿಂಡರ್ ಕೊರೆಯುವ ತಾಕತ್ತಿರಲಿಲ್ಲ. ಮೊದಲು ತಮ್ಮ ಯಂತ್ರವನ್ನೇ ಹಿಗ್ಗಿಸಿಕೊಂಡು ಆಮೇಲೆ ಇವನ ಕೆಲಸ ಮಾಡಿಕೊಟ್ಟರು. ಅಂತೂ 1840ರ ಜುಲೈ 3ರ ಸಂಜೆ ಕುಲುಮೆ ಹತ್ತಿ, ಮರುದಿನ ಸುಮಾರು ನಾಲ್ಕು ಟನ್ ಕಬ್ಬಿಣ ಹರಿಯಿತು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ಪತ್ರಿಕೆಯವನು ಬೇಕೆಂದೇ ಹೊಂದಿಸಿದಂತಿದೆ. ಮುಂದಿನ ಜನವರಿಯಲ್ಲಿ ಲೀಹೈ ಉಕ್ಕಿ ಕುಲುಮೆಯೊಳಗೇ ನೀರು ನುಗ್ಗಿತು. ಒರೆಸಿ, ಒಣಗಿಸಿ ಮತ್ತೆ ಹೊತ್ತಿಸಿದ.

ಈ ಗದ್ದಲದಲ್ಲೇ ಅವನು ಪ್ರೆಸ್ಬಿಟೇರಿಯನ್ ಸಭೆಗೆ ಮರದ ಪುಟ್ಟ ಚರ್ಚನ್ನೂ ಎಬ್ಬಿಸಿದ. ಕುಡಿತದ ವಿರುದ್ಧ ಗಟ್ಟಿಯಾಗಿ ನಿಂತ. ಕೆಲಸಗಾರರು ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದರು. ಇಂಥ ಕಡೆ ನನ್ನ ವಕ್ರಬುದ್ಧಿ ಸುಮ್ಮನಿರುವುದಿಲ್ಲ. ಕರಗಿದ ಕಬ್ಬಿಣದ ಪಕ್ಕ ತೂರಾಡುವವನು ತಾನೂ ಸಾಯುತ್ತಾನೆ, ಮಾಲೀಕನಿಗೂ ನಷ್ಟ. ಹೀಗಾಗಿ ಸುವಾರ್ತೆಯೂ ಸಂಬಳದ ಪಟ್ಟಿಯೂ ಇಲ್ಲಿ ಒಂದೇ ಮಾತಾಡುತ್ತಿದ್ದವು. ಆದರೆ ಒಂದು ಕಡೆ ಎರಡೂ ಒಪ್ಪುವಂತಿರಲಿಲ್ಲ. ಅದಿರು ಕರಗಿಸುವ ಈ ಬ್ಲಾಸ್ಟ್ ಫರ್ನೇಸಿಗೆ ಭಾನುವಾರವಿಲ್ಲ. ನಿಲ್ಲಿಸಿದರೆ ಒಳಗಿನದೆಲ್ಲ ಹೆಪ್ಪುಗಟ್ಟಿ ಕುಲುಮೆಯೇ ಹಾಳು. ಭಾನುವಾರ ಬೂಟು ಪಾಲಿಶ್ ಮಾಡುವುದೂ ತಪ್ಪೆನ್ನುವ ಸಂಪ್ರದಾಯದಲ್ಲಿ ಬೆಳೆದವರು ಆ ಕಾಲದಲ್ಲಿ ಈ ಬೆಂಕಿಯ ಎದುರು ಪ್ರತಿ ವಾರ ರಾಜಿಯಾಗಲೇಬೇಕಿತ್ತು.

ಥಾಮಸ್ 1854ರಲ್ಲಿ ತನ್ನದೇ ಥಾಮಸ್ ಐರನ್ ಕಂಪನಿ ಕಟ್ಟಿದ. ಮರುವರ್ಷ ಅಮೆರಿಕದಲ್ಲಿ ಆಂಥ್ರಸೈಟ್ ಕಬ್ಬಿಣ ಇದ್ದಿಲಿನ ಕಬ್ಬಿಣವನ್ನು ಹಿಂದೆ ಹಾಕಿತು. ಇಷ್ಟಾದರೂ ನಮ್ಮ ಭದ್ರಾವತಿಯ ಕುಲುಮೆ 1923ರಲ್ಲಿ ಶುರುವಾದದ್ದು ಮಲೆನಾಡಿನ ಮರದ ಇದ್ದಿಲಿನಲ್ಲಿ. ಹತ್ತಿರದಲ್ಲಿ ಕಲ್ಲಿದ್ದಲೇ ಇಲ್ಲದವರು ಮಾಡುವುದೇನು?

1871ರಲ್ಲಿ ಗಣಿ ಎಂಜಿನಿಯರುಗಳು ವಿಲ್ಕ್ಸ್-ಬ್ಯಾರಿಯಲ್ಲಿ ಸೇರಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಕಟ್ಟಿಕೊಂಡಾಗ ಮೊದಲ ಅಧ್ಯಕ್ಷನಾಗಿ ಆರಿಸಿದ್ದು ಪದವಿಯಿಲ್ಲದ ಡೇವಿಡ್ ಥಾಮಸ್ ಎಂಬ ಈ ಎಪ್ಪತ್ತಾರರ ಮುದುಕನನ್ನು. 1875ರ ಹೊತ್ತಿಗೆ ಕೋಕ್ ಮುಂದೆ ನುಗ್ಗಿ ಆಂಥ್ರಸೈಟಿನ ಕಾಲ ಇಳಿಯತೊಡಗಿತ್ತು. 1882ರಲ್ಲಿ ಅವನು ತೀರಿಕೊಂಡ.

ಹೆಸರಿನ ವಿಷಯದಲ್ಲಿ ಅವನ ಅದೃಷ್ಟ ಮಾತ್ರ ವಿಚಿತ್ರ. ಅವನನ್ನು ಕರೆಸಿಕೊಂಡ ಅಮೆರಿಕದ ಕಂಪನಿಗೆ ಇಟ್ಟ ಹೆಸರು ಲೀಹೈ ಕ್ರೇನ್, ಊರಿಗೆ ಮೊದಲು ಕರೆದದ್ದು ಕ್ರೇನ್‌ವಿಲ್. ವೇಲ್ಸ್‌ನಲ್ಲಿ ಬೆಚ್ಚಗೆ ಉಳಿದ ಹಳೆಯ ಮಾಲೀಕನ ನೆನಪಿಗೆ! ಆಮೇಲೆ ಅದು ಕ್ಯಾಟಸಾಕ್ವ ಆಯಿತು, ಥಾಮಸ್ ಅದರ ಮೊದಲ ಪುರಪ್ರಮುಖನಾದ, ಹೆಸರು ಆಗಲೂ ಅವನದಾಗಲಿಲ್ಲ. ಕೊನೆಗೆ ಮಗ ಸ್ಯಾಮ್ಯುಯೆಲ್ ದಕ್ಷಿಣಕ್ಕೆ ಹೋಗಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಬಳಿ ಕುಲುಮೆ ನಿಲ್ಲಿಸಿದಾಗ ಆ ಊರಿಗೆ ಥಾಮಸ್ ಎಂದೇ ಹೆಸರಾಯಿತು. ಆ ಕುಲುಮೆಗಳು ಉರಿದದ್ದು ಮಾತ್ರ ಕೋಕಿನಲ್ಲಿ.