ಒಬ್ಬಂಟಿ ಆಟ, ಒಡಗೂಡಿದ ಆಟ

ಆಟವೆಂದರೆ ಕಾಲಹರಣವೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಅದರಲ್ಲಿಯೂ ಕಂಪ್ಯೂಟರಿನ ಪರದೆಯ ಮೇಲಿನ ಆಟವೆಂದರೆ ಅವರು ಹುಬ್ಬು ಗಂಟಿಕ್ಕುತ್ತಾರೆ. ಅವರ ಆತಂಕ ನಿರಾಧಾರವೆಂದು ನಾನು ಹೇಳಲಾರೆ. ಓದನ್ನೂ ನಿದ್ರೆಯನ್ನೂ ಈ ಆಟಗಳಿಗೆ ತೆತ್ತವರನ್ನು ನಾನೂ ಕಂಡಿದ್ದೇನೆ. ಆದರೂ ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಲು ಕುಳಿತಾಗ ನನ್ನ ಮನಸ್ಸಿಗೆ ಬಂದದ್ದು ಅಂಥದೊಂದು ಆಟವೇ. ಮನುಷ್ಯನ ಯೋಗ್ಯತೆಯನ್ನು ನಾವು ಅಳೆಯುವ ಬಗೆಯನ್ನು ಕುರಿತು ಅದು ನನ್ನಲ್ಲಿ ಒಂದು ಪ್ರಶ್ನೆಯನ್ನು ಹುಟ್ಟಿಸಿತು. ಆ ಪ್ರಶ್ನೆ ಶಿಕ್ಷಕರಿಗೂ ದಾನಿಗಳಿಗೂ ಸಂಬಂಧಿಸಿದ್ದೆಂದು ನನ್ನ ನಂಬಿಕೆ.

ಆಟದ ಹೆಸರು ಡಯಾಬ್ಲೋ-2. ಅಮೆರಿಕದ ಬ್ಲಿಜಾರ್ಡ್ ಸಂಸ್ಥೆ ಇದನ್ನು 2000ದಲ್ಲಿ ಹೊರತಂದಿತು; 2021ರಲ್ಲಿ ಹೊಸ ರೂಪದಲ್ಲಿ ಮತ್ತೆ ಪ್ರಕಟಿಸಿತು. ಇಂಥ ಆಟಗಳ ಮೂಲವನ್ನು ಹುಡುಕುತ್ತ ಹೋದರೆ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ದೊರೆಯುತ್ತದೆ. ಅದು ಕಾಗದ, ಪೆನ್ಸಿಲ್, ದಾಳಗಳನ್ನು ಹಿಡಿದು ಹಲವರು ಮೇಜಿನ ಸುತ್ತ ಕುಳಿತು ಆಡುವ ಆಟ. ಮೊದಲಿಗೆ ಅದರಲ್ಲಿದ್ದುದು ಹೋರಾಟಗಾರ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗದ ಪಾತ್ರಗಳು. ಒಬ್ಬನ ಕೊರತೆಯನ್ನು ಇನ್ನೊಬ್ಬ ತುಂಬುವುದೇ ಅದರ ತಿರುಳು.

ಡಯಾಬ್ಲೋದಲ್ಲಿ ಆರಂಭಕ್ಕೆ ಐದು ಪಾತ್ರಗಳಿದ್ದವು. 2001ರಲ್ಲಿ ಇನ್ನೆರಡು ಸೇರಿದವು. ಪ್ರತಿಯೊಂದು ಪಾತ್ರಕ್ಕೂ 30 ವಿದ್ಯೆಗಳು. ಒಂದೊಂದು ವಿದ್ಯೆಯಲ್ಲಿಯೂ 20 ಅಂಕಗಳವರೆಗೆ ತೊಡಗಿಸಬಹುದು. ಹಾಗಾದರೆ ಸಕಲವಿದ್ಯಾಪಾರಂಗತನಾಗಲು 600 ಅಂಕಗಳು ಬೇಕು. ಆದರೆ ಕಟ್ಟಕಡೆಯ 99ನೆಯ ಮಟ್ಟವನ್ನು ಮುಟ್ಟಿದವನಿಗೂ ಗಳಿಕೆಯಾಗುವುದು 110 ಮಾತ್ರ. ಆದ್ದರಿಂದ ಆಡುವವನು ಆಯ್ಕೆ ಮಾಡಲೇಬೇಕು. ಒಂದೇ ಮಾಂತ್ರಿಕಳನ್ನು ಒಬ್ಬ ಬೆಂಕಿಯ ಒಡತಿಯನ್ನಾಗಿ, ಇನ್ನೊಬ್ಬ ಹಿಮದ ಒಡತಿಯನ್ನಾಗಿ, ಮತ್ತೊಬ್ಬ ಸಿಡಿಲಿನ ಒಡತಿಯನ್ನಾಗಿ ಬೆಳೆಸುತ್ತಾನೆ. ಹತ್ತು ವರ್ಷಗಳ ಕಾಲ, ಎಂದರೆ 2010ರ ಪರಿಷ್ಕರಣದವರೆಗೆ, ಒಮ್ಮೆ ತೊಡಗಿಸಿದ ಅಂಕವನ್ನು ಹಿಂದಕ್ಕೆ ಪಡೆಯುವ ದಾರಿಯೇ ಇರಲಿಲ್ಲ.

2004ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ವಿದ್ಯಾರ್ಥಿನಿಲಯದ ಕೋಣೆಗಳ ನಡುವೆ ತಂತಿಯೆಳೆದು ನಾವು ನಾಲ್ವರು ಭಾನುವಾರಗಳಂದು ಈ ಆಟವಾಡುತ್ತಿದ್ದೆವು. ನನ್ನದು ಹಿಮವನ್ನೆರಚುವ ಮಾಂತ್ರಿಕ ಪಾತ್ರ. ಒಬ್ಬನದು ಕೊಡಲಿ ಹಿಡಿದ ಬಾರ್ಬೇರಿಯನ್. ಅವನು ಒಮ್ಮೆ ಗರ್ಜಿಸಿದರೆ ಸಂಗಡಿಗರೆಲ್ಲರ ಪ್ರಾಣಬಲ ಹೆಚ್ಚುತ್ತಿತ್ತು. ಇನ್ನೊಬ್ಬನದು ಅಸ್ಥಿಪಂಜರಗಳನ್ನೆಬ್ಬಿಸಿ ಕಾದಾಡಿಸುವ ಪಾತ್ರ. ನಾಲ್ಕನೆಯ ಗೆಳೆಯ ಆರಿಸಿಕೊಂಡದ್ದು ಪ್ಯಾಲಡಿನ್ ಎಂಬ ಯೋಧನನ್ನು. ಈ ಯೋಧನ ಸುತ್ತ ಒಂದು ಪ್ರಭಾವಲಯ ಹರಡಿಕೊಳ್ಳುತ್ತದೆ. ನನ್ನ ಗೆಳೆಯನಾದರೋ ಗಳಿಸಿದ ಅಂಕಗಳನ್ನೆಲ್ಲ ತನ್ನ ಖಡ್ಗಕ್ಕೆ ಸುರಿಯದೆ ಆ ವಲಯಗಳಿಗೇ ಸುರಿದ.

ಆಟದ ಕಡೆಯ ಸುತ್ತಿನಲ್ಲಿ ಹಿಮ ತಾಕದ ರಾಕ್ಷಸರು ಎದುರಾಗುತ್ತಾರೆ. ಒಬ್ಬಂಟಿಯಾಗಿದ್ದರೆ ಅವರ ಮುಂದೆ ನನ್ನ ಸಕಲ ವಿದ್ಯೆಯೂ ನಿಷ್ಫಲ. ಗೆಳೆಯ ಪಕ್ಕಕ್ಕೆ ಬಂದು ನಿಂತನೆಂದರೆ ಅವನ ‘ಕನ್ವಿಕ್ಷನ್’ ಎಂಬ ವಲಯದಿಂದ ಶತ್ರುಗಳ ನಿರೋಧಶಕ್ತಿ ಕುಗ್ಗಿ, ಅದುವರೆಗೆ ವ್ಯರ್ಥವಾಗುತ್ತಿದ್ದ ನನ್ನ ಹಿಮವೇ ಅನೇಕ ವೇಳೆ ಅವರನ್ನು ಕೆಡಹುತ್ತಿತ್ತು. ಪರದೆಯ ಮೇಲೆ ಕೊಂದವಳು ನನ್ನ ಮಾಂತ್ರಿಕಳು. ಗೆಳೆಯನ ಖಡ್ಗಕ್ಕೆ ರಕ್ತವೇ ಅಂಟಿರುತ್ತಿರಲಿಲ್ಲ.

ಈ ಆಟದಲ್ಲಿ ಇನ್ನೊಂದು ಲೆಕ್ಕವಿದೆ. ಜೊತೆಗೆ ಸೇರುವ ಒಬ್ಬೊಬ್ಬ ಆಟಗಾರನಿಗೂ ರಾಕ್ಷಸರ ಪ್ರಾಣಬಲ ಮೂಲದ ಅರ್ಧದಷ್ಟು ಏರುತ್ತದೆ. ನಾಲ್ವರಾದರೆ ಎರಡೂವರೆ ಪಟ್ಟು, ಎಂಟು ಮಂದಿಯಾದರೆ ನಾಲ್ಕೂವರೆ ಪಟ್ಟು. ತಲೆಗೆ ಹಂಚಿ ನೋಡಿದರೆ ಕೂಡಿ ಆಡುವವರ ಹೊರೆ ಒಬ್ಬಂಟಿಯ ಹೊರೆಗಿಂತ ಕಡಿಮೆಯೇ. ಕಷ್ಟ ಬೆಳೆದರೂ ಕೈಗಳು ಅದಕ್ಕಿಂತ ಬೇಗನೆ ಬೆಳೆಯುತ್ತವೆ. ಆದರೆ ರಜೆಯ ದಿನಗಳಲ್ಲಿ ಅದೇ ಗೆಳೆಯ ತನ್ನ ಪಾತ್ರವನ್ನು ಒಬ್ಬನೇ ಆಡಿಸಿದರೆ ಒಂದು ಬಯಲು ದಾಟಲು ಸಂಜೆಯಾಗುತ್ತಿತ್ತು.

ಅಂತಿಮ ವರ್ಷದಲ್ಲಿ ಕಂಪನಿಗಳು ಸಂದರ್ಶನಕ್ಕೆ ಬಂದವು. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ನಮಗೆ ವಿದ್ಯುನ್ಮಂಡಲಗಳ ಪಾಠ ಹೇಳಿ ತೇರ್ಗಡೆಯಾಗುವಂತೆ ಮಾಡಿದವನು ಆ ಪ್ಯಾಲಡಿನ್ ಗೆಳೆಯನೇ. ಸಂದರ್ಶನದ ಕೋಣೆಯೊಳಕ್ಕೆ ಮಾತ್ರ ಪ್ರತಿಯೊಬ್ಬನೂ ಒಬ್ಬನೇ ಹೋಗಬೇಕು. ನಾವು ಮೂವರೂ ಆಯ್ಕೆಯಾದೆವು, ಅವನು ಆಗಲಿಲ್ಲ. ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು, ತನ್ನನ್ನು ತಾನು ಹೊಗಳಿಕೊಳ್ಳಲು ಬಾಯಿ ಬರಲಿಲ್ಲವೆಂದಷ್ಟೇ ಅವನು ಹೇಳಿದ. ಕೆಲಸ ಸಿಗಲು ಮುಂದೆ ಒಂದು ವರ್ಷವೇ ಹಿಡಿಯಿತು. ಆ ಒಂದು ವರ್ಷ ಅವನ ಮನೆಯ ಒಲೆಗೆ ಏನು ಅರ್ಥವಾಗಿತ್ತೆಂಬುದನ್ನು ಬಲ್ಲವರು ಬಲ್ಲರು.

ಪರೀಕ್ಷೆಯ ಉತ್ತರಪತ್ರಿಕೆಯನ್ನು ಒಬ್ಬೊಬ್ಬರೇ ಬರೆಯಬೇಕಲ್ಲವೇ ಎಂದು ವಾಚಕರು ಕೇಳಬಹುದು. ನಿಜ. ಒಂಟಿಯಾಗಿ ನಿಲ್ಲುವ ಶಕ್ತಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಕಲಿಸಲೇಬೇಕು. ಸಂಗಡಿಗರು ಎಂದೆಂದಿಗೂ ಸಂಗಡವಿರುವುದಿಲ್ಲ. ನಾನು ಹೇಳಬಯಸುವುದಿಷ್ಟೆ: ನಮ್ಮ ಅಳತೆಗೋಲುಗಳೆಲ್ಲವೂ ಒಬ್ಬಂಟಿ ಆಟಕ್ಕಾಗಿಯೇ ಮಾಡಿದವುಗಳು. ಯಾರ ಬಲ ಇತರರ ಗೆಲುವಿನಲ್ಲಿ ಕಾಣಿಸಿಕೊಳ್ಳುತ್ತದೆಯೋ ಅವರನ್ನು ಅಳೆಯುವ ಗೋಲು ನಮ್ಮಲ್ಲಿಲ್ಲ. ತರಗತಿಯ ನಡುವಿನ ಸಾಲಿನಲ್ಲಿ ಕುಳಿತು, ಪಕ್ಕದವನಿಗೆ ಲೆಕ್ಕ ಬಿಡಿಸುವುದನ್ನು ತಿಳಿಸಿಕೊಡುವ ಹುಡುಗಿಯ ಹೆಸರು ಯಾವ ಫಲಿತಾಂಶ ಪಟ್ಟಿಯಲ್ಲಿಯೂ ಮೇಲೆ ಬರುವುದಿಲ್ಲ.

ನಮ್ಮ ಶಾಲೆಯಲ್ಲಿ ದಾನಿಗಳ ಔದಾರ್ಯದಿಂದ ದತ್ತಿ ಬಹುಮಾನಗಳಿವೆ. ಹೆಚ್ಚು ಅಂಕ ಪಡೆದವರಿಗೆ ಅವು ಸಲ್ಲುವುದು ಉಚಿತವೇ. ಅವುಗಳ ಜೊತೆಗೆ ಇನ್ನೊಂದು ಇರಲೆಂದು ನನ್ನ ವಿನಂತಿ. ‘ನಿನಗೆ ಕಲಿಯಲು ನೆರವಾದವರು ಯಾರು?’ ಎಂದು ಹತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಗುರುಗಳು ಚೀಟಿಯಲ್ಲಿ ಬರೆಯಿಸಿಕೊಳ್ಳಲಿ. ಹೆಚ್ಚು ಚೀಟಿಗಳಲ್ಲಿ ಕಂಡ ಹೆಸರಿಗೆ ಆ ಬಹುಮಾನ ಸಲ್ಲಲಿ. ಮೂಲಧನಕ್ಕೆ ನನ್ನ ಅಲ್ಪ ಕಾಣಿಕೆಯನ್ನು ಈ ವರ್ಷವೇ ಸಲ್ಲಿಸಲು ಸಿದ್ಧನಿದ್ದೇನೆ. ಆ ನಾಲ್ವರಲ್ಲಿ ಉಳಿದಿಬ್ಬರೂ ಕೈಗೂಡಿಸುವುದಾಗಿ ಒಪ್ಪಿದ್ದಾರೆ. ನಾಲ್ಕನೆಯವನಿಗೆ ಈ ವಿಷಯವನ್ನು ನಾವಿನ್ನೂ ತಿಳಿಸಿಲ್ಲ; ತಿಳಿಸಿದರೆ ಎಲ್ಲರಿಗಿಂತ ಮೊದಲು ಹಣ ಕಳಿಸುವವನು ಅವನೇ.